ಅತ್ತಿಗೆಯ ಕೊತ್ತಂಬರಿ ಪಾತಿ

ಕೊತ್ತಂಬರಿಯನ್ನು ಕೊಂದವನು ನಾನು. ಕೇಳಿದವರಿಗೆ ನಗು ಬರಬಹುದು. ಕೊತ್ತಂಬರಿಯೇನು ಕುರಿಯೇ, ಕೋಳಿಯೇ? ನಾನೂ ಬಹಳ ವರ್ಷ ಹಾಗೆಯೇ ಅಂದುಕೊಂಡಿದ್ದೆ. ಒಂದು ಪಾತಿ ಸೊಪ್ಪು, ಹೋದರೆ ಇನ್ನೊಂದು ಬಿತ್ತಿದರಾಯಿತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ.

ಸಾಲಗುಂದದ ನಮ್ಮ ಮನೆಯ ಹಿತ್ತಲಲ್ಲಿ ನಲ್ಲಿಯ ಪಕ್ಕ ಆ ಪಾತಿ ಇತ್ತು. ಅಣ್ಣನ ಹೆಂಡತಿ ದಢೇಸುಗೂರಿನವಳು. ಆಕೆ ಬರುವ ಮುಂಚೆ ಅವ್ವ ಅಲ್ಲಿ ಏನೇನೋ ಬಿತ್ತುತ್ತಿದ್ದಳು, ಅರ್ಧಕ್ಕರ್ಧ ಹುಟ್ಟುತ್ತಲೇ ಇರಲಿಲ್ಲ. ಕೊತ್ತಂಬರಿ ಬೀಜವನ್ನು ಹಾಗೇ ಚೆಲ್ಲಬಾರದು; ನೆಲದ ಮೇಲೆ ಹರಡಿ ಚಪ್ಪಲಿಯಿಂದ ತಿಕ್ಕಿ ಎರಡು ಹೋಳು ಮಾಡಬೇಕು. ಅವ್ವ ತಿಕ್ಕಿದರೆ ನುಚ್ಚಾಗುತ್ತಿತ್ತು. ಅತ್ತಿಗೆ ತಿಕ್ಕಿದರೆ ಸರಿಯಾಗಿ ಎರಡೇ ಹೋಳು. ನೀರಲ್ಲಿ ನೆನೆಸಿ ಬಿತ್ತಿ, ಮೇಲೆ ತೆಳ್ಳಗೆ ಮಣ್ಣು ಉದುರಿಸಿ, ಹತ್ತು ದಿನ ಕೈಯಿಂದಲೇ ನೀರು ಚಿಮುಕಿಸುತ್ತಿದ್ದಳು. ಓಣಿಯ ಹೆಂಗಸರು ಒಲೆಯ ಮೇಲೆ ಸಾರಿಟ್ಟು ನಮ್ಮ ಹಿತ್ತಲಿಗೆ ಓಡಿ ಬರುತ್ತಿದ್ದರು.

"ನಿಮ್ಮ ಸೊಸಿ ಕೈ ಛಲೋ ಐತಿ ಬಿಡ್ರಿ" ಎಂದು ಯಾರಾದರೂ ಅಂದರೆ ಅವ್ವ, "ಮಣ್ಣು ನಮ್ಮದಲ್ಲೇನು" ಎನ್ನುತ್ತಿದ್ದಳು. ಸೊಸೆಯನ್ನು ಹೊಗಳುವುದು ಆಕೆಯ ಜಾಯಮಾನದಲ್ಲೇ ಇರಲಿಲ್ಲ.

ಆಗ ನನಗೆ ಮಸ್ಕಿಯಲ್ಲಿ ವಿಜ್ಞಾನದ ಮೇಷ್ಟ್ರ ಕೆಲಸ ಸಿಕ್ಕು ವರ್ಷವಾಗಿತ್ತು. ರವಿವಾರಕ್ಕೊಮ್ಮೆ ಊರಿಗೆ ಬರುತ್ತಿದ್ದೆ. ಬಂದಾಗಲೆಲ್ಲ ಮನೆಯವರಿಗೆ ಏನಾದರೊಂದು ಕಲಿಸದೆ ಹೋಗುತ್ತಿರಲಿಲ್ಲ. ಹೊಸದಾಗಿ ಸಂಬಳ ಕಂಡವನ ಸೊಕ್ಕು ಅದು. ಒಂದು ರವಿವಾರ ಕೊತ್ತಂಬರಿ ಎಲೆಗಳ ಅಡಿಯಲ್ಲಿ ಸಣ್ಣ ಹೇನು ಕಂಡವು. ಅತ್ತಿಗೆ, "ಬೂದಿ ಉಗ್ಗಿದರ ಹೋಗ್ತಾವ್ರಿ" ಅಂದಳು.

"ಬೂದಿ ಗೀದಿ ಬ್ಯಾಡ್ರಿ. ಬೇವಿನ ಎಣ್ಣಿ ಹೊಡೀತೀನಿ, ನೋಡ್ರಿ ನೀವು" ಎಂದೆ.

ಗದ್ದೆಗೆ ಹೊರಟಿದ್ದ ಅಣ್ಣ ಬೆನ್ನಿಗೆ ಹಾಕುವ ಪಂಪನ್ನು ತೋರಿಸಿ, "ನಿನ್ನೆ ನೆಲ್ಲಿಗೆ ಕಸದೆಣ್ಣಿ ಹೊಡದೀನಿ. ಸಬಕಾರ ಹಾಕಿ ಮೂರು ಸಲ ತೊಳಿ" ಎಂದು ಹೇಳಿ ಹೋದ. ಕಸದೆಣ್ಣೆಯೆಂದರೆ ನೆಲ್ಲಿನ, ಅಂದರೆ ಭತ್ತದ, ಕಳೆ ಕೊಲ್ಲುವ ಔಷಧ. ಭತ್ತಕ್ಕೆ ಏನೂ ಆಗುವುದಿಲ್ಲ, ಅಗಲ ಎಲೆಯದು ಯಾವುದೂ ಉಳಿಯುವುದಿಲ್ಲ. ಕಾಲುವೆ ನೀರು ಕುಡಿದು ಬೆಳೆದವರಲ್ಲಿ ಶಾಲೆಯ ಮೆಟ್ಟಿಲು ಹತ್ತದವರಿಗೂ ಇದು ಗೊತ್ತು. ಆದರೆ ನನಗೆ ಮೂರು ಗಂಟೆಯ ಬಸ್ಸು ಹಿಡಿಯುವ ಅವಸರ. ಒಂದು ಕೊಡ ನೀರು ಸುರಿದು, ಅಲ್ಲಾಡಿಸಿ ಚೆಲ್ಲಿದೆ. ಘಾಟು ಇನ್ನೂ ಮೂಗಿಗೆ ಬಡಿಯುತ್ತಿತ್ತು. ಇಷ್ಟು ಸಾಕು ಅಂದುಕೊಂಡು ಬೇವಿನ ಎಣ್ಣೆ ತುಂಬಿ ಪಾತಿಗೆ ಹೊಡೆದೆ.

ಹೊಡೆಯುವ ಮುಂಚೆ, "ಅತ್ತಿಗಿ, ಮಸ್ಕಿಗೆ ಒಯ್ಯಾಕ ಕೊತ್ತಂಬ್ರಿ ಚಟ್ನಿ ಮಾಡಿ ಕೊಡ್ರಿ" ಎಂದು ಕೇಳಿದ್ದೆ. ಆಕೆ ಒಂದು ಗಳಿಗೆ ತಡೆದಳು. ಅವ್ವ ಎಲ್ಲಿದ್ದಾಳೆಂದು ತಿರುಗಿ ನೋಡಿದಳು. ಆಮೇಲೆ ಪಾತಿಗಿಳಿದು ಎರಡು ಹಿಡಿ ಕಿತ್ತು ತಂದಳು. ಯಾಕೆ ತಡೆದಳೆಂದು ನಾನು ಯೋಚಿಸಲಿಲ್ಲ.

ಮುಂದಿನ ರವಿವಾರ ಬಂದಾಗ ಪಾತಿಯನ್ನು ನೋಡಲಾಗಲಿಲ್ಲ. ದಂಟುಗಳೆಲ್ಲ ಹಗ್ಗ ಹೊಸೆದಂತೆ ತಿರುಚಿಕೊಂಡು ನೆಲಕ್ಕೆ ಒರಗಿದ್ದವು. ಎಲೆ ಮುರುಟಿ ಹಳದಿಯಾಗಿತ್ತು. ಅಣ್ಣ ಬಗ್ಗಿ ಒಂದು ಗಿಡ ಕಿತ್ತು, ತಿರುಗಿಸಿ ನೋಡಿ, "ಪಂಪು ತೊಳದಿದ್ದಿಲ್ಲೋ?" ಎಂದ.

"ಮೂರು ಸಲ ತೊಳದೀನಿ" ಎಂದೆ. ಎರಡು ಶಬ್ದದ ಸುಳ್ಳೂ ಅಲ್ಲ, ಪೂರಾ ಮೂರು ಶಬ್ದದ್ದು, ತಡವರಿಸದೆ ಬಂತು.

ಅಣ್ಣ ಗಿಡವನ್ನು ಅಲ್ಲೇ ಬಿಸಾಡಿದ. ಅಷ್ಟಕ್ಕೆ ಬಿಡದವಳು ಅವ್ವ. ನಮ್ಮ ಮನೆಯಲ್ಲಿ ಮುಟ್ಟಾದವರು ಅಡುಗೆ ಮಾಡಬಹುದು. ಒಕ್ಕಲುತನದ ಮನೆಯಲ್ಲಿ ಹೆಂಗಸು ಮೂರು ದಿನ ಕೂತರೆ ಯಾರಿಗೂ ಅನ್ನವಿಲ್ಲ. ಆದರೆ ದೇವರ ಜಗಲಿಯನ್ನು, ಹಸಿರು ಪಾತಿಯನ್ನು ಮುಟ್ಟುವಂತಿಲ್ಲ. ಮುಟ್ಟಿದರೆ ಎಳೆಯ ಸೊಪ್ಪು ಸಾಯುತ್ತದೆಂದು ಅವ್ವನ ಅವ್ವನ ಕಾಲದ ನಂಬಿಕೆ. ನಾನು ಎಣ್ಣೆ ಹೊಡೆದ ರವಿವಾರ ಅತ್ತಿಗೆಗೆ ಮುಟ್ಟಿನ ಎರಡನೆಯ ದಿನವಾಗಿತ್ತೆಂದು ಅವ್ವನಿಗೆ ಆಮೇಲೆ ಗೊತ್ತಾಗಿತ್ತು.

"ಹೊರಗಾದಾಕಿ ಪಾತಿಯಾಗ ಕಾಲಿಟ್ಟಾಳ. ಇನ್ನೇನು ಉಳಿತೈತಿ" ಅಂದಳು ಅವ್ವ. "ಈ ಕೈಯಾಗ ಹಸರು ನಿಲ್ಲಂಗಿಲ್ಲ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಮಾತಿದೆ. ಬರೆ ಬೀಳುವಾಗ ಎತ್ತು ಪಕ್ಕದಲ್ಲೇ ನಿಂತು ಮೇವು ಮೆಲ್ಲುತ್ತಿತ್ತು. ಅತ್ತಿಗೆ ನನಗೆ ಚಟ್ನಿ ಮಾಡಲೆಂದೇ ಇಳಿದದ್ದೆಂದೂ ಹೇಳಲಿಲ್ಲ. ತಲೆ ತಗ್ಗಿಸಿ ಸತ್ತ ಗಿಡಗಳನ್ನು ಕೀಳಲು ಹೋದಳು. "ಅದನ್ನೂ ಮುಟ್ಟಬ್ಯಾಡ" ಎಂದು ಅವ್ವ ತಡೆದಳು. ನಾನು ಬಾಯಿಬಿಟ್ಟಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಅಣ್ಣ ನಾಲ್ಕು ಮಾತು ಬಯ್ಯುತ್ತಿದ್ದ, ಓಣಿಯವರು ಎರಡು ದಿನ ಮಾಸ್ತರನ್ನು ಗೇಲಿ ಮಾಡುತ್ತಿದ್ದರು. ಅಷ್ಟಕ್ಕೆ ಹೆದರಿ ಸುಮ್ಮನಿದ್ದೆ. ಮರುದಿನ ಮಸ್ಕಿಯಲ್ಲಿ ಎಂಟನೆಯ ತರಗತಿಯ ಹುಡುಗಿಯರಿಗೆ ಮುಟ್ಟಿನಲ್ಲಿ ಮೈಲಿಗೆಯೇನೂ ಇಲ್ಲವೆಂದು ಪಾಠ ಹೇಳಿದೆ. ನಾಚಿಕೆಯೂ ಆಗಲಿಲ್ಲ.

ಅಂದಿನಿಂದ ಅತ್ತಿಗೆ ಆ ಪಾತಿಗೆ ಇಳಿಯಲಿಲ್ಲ. ಮುಟ್ಟಿಲ್ಲದ ದಿನಗಳಲ್ಲೂ ಇಳಿಯಲಿಲ್ಲ. ಅವ್ವನೇ ಮತ್ತೆ ಬೀಜ ನುಚ್ಚು ಮಾಡಿ ಬಿತ್ತತೊಡಗಿದಳು, ಅಲ್ಲೊಂದು ಇಲ್ಲೊಂದು ಹುಟ್ಟುತ್ತಿತ್ತು. ಮೂರು ವರ್ಷದ ಮೇಲೆ ಅತ್ತಿಗೆಗೆ ಮಗಳು ಹುಟ್ಟಿದಳು. ಮನೆಯಲ್ಲಿ ನಗು ಬಂತು, ನನಗೆ ಮದುವೆಯಾಯಿತು, ನಾನು ಮಸ್ಕಿಯಲ್ಲೇ ಮನೆ ಮಾಡಿದೆ. ಹಳೆಯದೆಲ್ಲ ಎಲ್ಲರೂ ಮರೆತರೆಂದು ನಂಬಿದೆ. ಆದರೂ ಊರಲ್ಲಿ ಯಾರಾದರೂ ಬೆನ್ನಿಗೆ ಪಂಪು ಹಾಕಿಕೊಂಡು ಹೋಗುವುದು ಕಂಡರೆ ಮುಖ ತಿರುಗಿಸುತ್ತಿದ್ದೆ.

ಈ ವರ್ಷ ಒಂದು ರವಿವಾರ ಒಬ್ಬನೇ ಹೋಗಿದ್ದೆ. ಅಣ್ಣನ ಮಗಳಿಗೆ ಈಗ ಹದಿಮೂರು. ಅತ್ತಿಗೆ ನನಗೆ ಮಂಡಕ್ಕಿ ಒಗ್ಗರಣೆ ಮಾಡುತ್ತಿದ್ದಳು, ಅವ್ವ ಕಟ್ಟೆಯ ಮೇಲೆ ಕುಳಿತಿದ್ದಳು. "ಕಾಕಾಗ ಮ್ಯಾಲ ಕೊತ್ತಂಬ್ರಿ ಉದರಸ್ತೀನಿ" ಎಂದು ಹುಡುಗಿ ಹಿತ್ತಲಿಗೆ ಹೊರಟಳು. ಅತ್ತಿಗೆ ಸೌಟು ಬಿಟ್ಟು ಬಂದು ಮಗಳ ತೋಳು ಹಿಡಿದಳು.

"ನಿಲ್ಲು. ನಿಂದು ಇವತ್ತ ಎರಡನೇ ದಿನ."

"ಅದಕ್ಕೇನಾಗ್ತೈತಿಬೇ?"

"ಸಾಯ್ತಾವ. ಮಂದಿ ಮಾತಲ್ಲಿದು, ನಾ ಕಾಲಿಟ್ಟು ಪಾತಿಗೆ ಪಾತೀನ ಸತ್ತಿದ್ದು ಕಣ್ಣಾರೆ ಕಂಡೀನಿ."

ಅವ್ವ ಹೇಳಿದ್ದರೆ ಸಹಿಸುತ್ತಿದ್ದೆನೇನೋ. ಅತ್ತಿಗೆಯ ಬಾಯಲ್ಲಿ ಕೇಳಿ ನನಗೆ ಕೂರಲಾಗಲಿಲ್ಲ. ಎದ್ದು ನಿಂತು ಹೇಳಿಬಿಟ್ಟೆ: ಒಂದೇ ಕೊಡ ನೀರು ಹಾಕಿದ್ದು, ಘಾಟು ಮೂಗಿಗೆ ಬಡಿದದ್ದು, ಅಣ್ಣನಿಗೆ ಸುಳ್ಳು ಹೇಳಿದ್ದು.

ಅವ್ವ ನಕ್ಕಳು. "ಅತ್ತಿಗಿ ಮ್ಯಾಲ ಎಷ್ಟು ಕಕ್ಕುಲಾತಿ ನೋಡು ಇವಗ. ಆಕಿ ಹೆಸರು ಉಳಸಾಕ ತನ್ನ ಮ್ಯಾಲ ಹಾಕ್ಕೊಳ್ಳಾಕತ್ಯಾನ. ಇಂಥಾ ಮೈದುನ ಸಿಗಾಕ ಪುಣ್ಯ ಮಾಡಿರಬೇಕು."

ನಿಜವೆಂದು ಎರಡೆರಡು ಸಲ ಹೇಳಿದೆ. ಹೇಳಿದಷ್ಟೂ ಅವ್ವನ ಕಣ್ಣಲ್ಲಿ ನಾನು ಒಳ್ಳೆಯವನಾಗುತ್ತ ಹೋದೆ.

ಅತ್ತಿಗೆ ನಗಲಿಲ್ಲ. ನೆಲ ನೋಡುತ್ತ, "ದಂಟು ತಿರುಚಿದ್ವು" ಅಂದಳು. "ನೆಲ್ಲಿನಾಗಿನ ಕಸಾನೂ ಹಂಗ ಸಾಯ್ತೈತಿ." ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು: "ಅವತ್ತ ನಿಮಗ ಗೊತ್ತಿತ್ತೇನ್ರಿ?"

"ಗೊತ್ತಿತ್ತು."

"ಆಮ್ಯಾಲ ಎರಡು ವರ್ಷ ನನಗ ಹೊಟ್ಟಿ ನಿಲ್ಲಲಿಲ್ಲ. ದಿನಾ ಆ ಕೊತ್ತಂಬ್ರೀನ ನೆನಸ್ತಿದ್ದೆ. ನನ್ನ ಮೈಯಾಗ ಏನೋ ವಿಷ ಐತಿ ಅಂತ."

ಬಯ್ದಿದ್ದರೆ ಹಗುರಾಗುತ್ತಿತ್ತು. ಬಯ್ಯಲಿಲ್ಲ. ಮಗಳ ತೋಳು ಬಿಟ್ಟು, "ಹೋಗು, ಕಿತ್ಕೊಂಡು ಬಾ" ಅಂದಳು.

ಹುಡುಗಿ ಹಿತ್ತಲ ಬಾಗಿಲಲ್ಲೇ ನಿಂತಳು. ಅಜ್ಜಿಯನ್ನು ನೋಡಿದಳು, ತಾಯಿಯನ್ನು ನೋಡಿದಳು. ವಿಜ್ಞಾನದ ಪಾಠದಲ್ಲಿ ಸಂಶಯ ಬಂದಾಗಲೆಲ್ಲ ಫೋನು ಮಾಡಿ ನನ್ನನ್ನು ಕೇಳುವವಳು, ಪಾತಿಗೂ ಇಳಿಯದೆ, ನನ್ನ ಮುಖವನ್ನೂ ನೋಡದೆ ಒಳಗೆ ಹೋದಳು.