ತಡೀರಿ, ಅದೇ ಹೇಳ್ತೈತಿ
ಗದಗ ಜಿಲ್ಲೆಯಾದ ಹೊಸತರಲ್ಲಿ ಕೇಳಿದ ಬ್ಲಡ್ ಬ್ಯಾಂಕಿನ ಮಷೀನು ಇವತ್ತಿಗೂ ನನ್ನ ಕಿವಿಯಲ್ಲಿ ಬೀಸುಕಲ್ಲಿನಂತೆ ಗುರ್ರೆನ್ನುತ್ತದೆ. ಅದರ ಪಕ್ಕ ನಿಂತು ರಕ್ತ ಪರೀಕ್ಷಿಸುತ್ತಿದ್ದ ಟೆಕ್ನಿಷಿಯನ್ ಅಕ್ಕನವರು, ಯಾರು ಎಷ್ಟೇ ಆಣೆಯಿಟ್ಟರೂ "ತಡೀರಿ, ಅದೇ ಹೇಳ್ತೈತಿ" ಎನ್ನುತ್ತಿದ್ದರು.

ಹೆರಿಗೆಯಲ್ಲಿ ನನ್ನ ಮಗಳಿಗೆ ವಿಪರೀತ ಬ್ಲೀಡಿಂಗ್ ಆಯಿತು. ಅವಳ ಗ್ರೂಪಿನ ರಕ್ತ ಸ್ಟಾಕ್ ಇರಲಿಲ್ಲ. ಅದೇ ಗ್ರೂಪಿನ ನನ್ನ ತಮ್ಮ ಮುಳಗುಂದದಿಂದ ಓಡಿಬಂದ.

"ಕಾಮಣಿ ಆಗಿತ್ತೇನ್ರಿ?" ಅಕ್ಕನವರು ಕಾಮಾಲೆ ರೋಗದ ಬಗ್ಗೆ ಕೇಳಿದರು.

"ಇಲ್ರೀ, ದೇವರಾಣಿ."

ತೋಳಿಗೆ ಪಟ್ಟಿ ಕಟ್ಟುವಾಗ, ಕಾಮಣಿಗೆಂದು ಹಾಕಿಸುವ ಬರೆ ಅವನ ಮುಂಗೈ ಮೇಲೆ ಕಂಡಿತು. ಅವರು ಅದರ ಮೇಲೆ ಬೆರಳಾಡಿಸಿದರು.

"ಇದೇನ್ ಬೆಕ್ಕು ಪರಚಿದ್ದೇನ್ರಿ ಅಣ್ಣಾರ?"

"ಸಣ್ಣಾಂವಿದ್ದಾಗ ಆಗಿತ್ರಿ. ಹೇಳಿದ್ರ ನನ್ನ ರಕ್ತ ಬ್ಯಾಡ ಅಂತೀರಂತ..."

"ತಡೀರಿ, ಅದೇ ಹೇಳ್ತೈತಿ."

ಹೆಪಟೈಟಿಸ್ ಟೆಸ್ಟಿನ ಪಟ್ಟಿಯನ್ನು ಮೂವರೂ ಬಗ್ಗಿ ನೋಡಿದೆವು. ರೋಗವಿದ್ದರೆ ಎರಡು ಗೆರೆ ಮೂಡುತ್ತವೆ, ಮೂಡಿದ್ದು ಒಂದೇ. ಡಾಕ್ಟರೂ ಒಪ್ಪಿದರು. ಸಂಜೆ ಮಗಳು ಚಹಾ ಕೇಳಿದಾಗ, ಥ್ಯಾಂಕ್ ಗಾಡ್ ಎಂದು ನಾನು ನೆಲದ ಮೇಲೇ ಕುಳಿತುಬಿಟ್ಟೆ.

ಅಕ್ಕನವರನ್ನು ಕೊನೆಯ ಸಲ ನೋಡಿದ್ದು ಬೆಟಗೇರಿ ಸಂತೆಯಲ್ಲಿ. ವ್ಯಾಪಾರಿ "ಖರೇನ ಕೆಂಪೈತ್ರಿ" ಎನ್ನುತ್ತಿದ್ದ. ಅವರು ಕಲ್ಲಂಗಡಿಯನ್ನು ಕಿವಿಗೆ ಹಿಡಿದು, ಬೆರಳಿನಿಂದ ಬಡಿದು, ಆ ಹೆರಿಗೆಯಲ್ಲಿ ಹುಟ್ಟಿದ, ನನ್ನ ಜೊತೆಗಿದ್ದ ಮೊಮ್ಮಗಳಿಗೆ ಹೇಳಿದರು: "ತಡಿಯವ್ವಾ, ಅದೇ ಹೇಳ್ತೈತಿ."