ನಮ್ಮ ಅತ್ತಿಗೆ ನೋಡಿದ ಸಿನಿಮಾ

ನಮ್ಮ ಅತ್ತಿಗೆ ದುರ್ಗಕ್ಕ ಹೊಸಪೇಟೆ ಬಸ್‌ಸ್ಟ್ಯಾಂಡ್ ಹತ್ತಿರ ಮಿರ್ಚಿ, ಮಂಡಕ್ಕಿ ಮಾರುತ್ತಾಳೆ. ಗಂಡ ಏನಾಗಿ ತೀರಿಕೊಂಡ ಅಂತ ಯಾರಾದರೂ ಕೇಳಿದರೆ ಬಾಣಲೆಯಿಂದ ಕಣ್ಣೆತ್ತದೆ ಹೇಳುತ್ತಿದ್ದಳು: "ಕುಡದು ಸತ್ತ." ಬೇರೆಯವರು ಅನ್ನುವ ಮೊದಲೇ ತಾನೇ ಅಂದುಬಿಡಬೇಕು.

ಆ ಗಂಡ ನನ್ನ ಅಣ್ಣ ಹಂಪಯ್ಯ. ಗಣಿ ಜೋರಿದ್ದ ಕಾಲದಲ್ಲಿ ಸಂಡೂರು ಕಡೆ ಅದಿರು ಲಾರಿ ತೂಗುವ ಕಾಟಾದಲ್ಲಿ ಕೆಲಸ. ಸುಳ್ಳು ತೂಕ ಬರೆಯಲ್ಲ ಅಂತ ಮೇಲಿನವರ ಜೊತೆ ಜಗಳಾಡಿದ್ದ. ಅದೇ ವಾರ ಲಾರಿ ಕೆಳಗೆ ಸಿಕ್ಕ. ಬಾಯಲ್ಲಿ ಬ್ರಾಂದಿ ವಾಸನೆ ಇತ್ತು. ಕುಡಿದು ಬಿದ್ದ ಅಂದರು, ಅಲ್ಲಿಗೆ ಮುಗೀತು. ಅಣ್ಣ ಆಗಾಗ ಕುಡಿಯುತ್ತಿದ್ದದ್ದು ಖರೆ, ನಾವೂ ಬಾಯಿ ಮುಚ್ಚಿಕೊಂಡ್ವಿ. ಅತ್ತಿಗೆ ಅಳಲಿಲ್ಲ. ಅವನನ್ನು ಬೈಯುತ್ತಲೇ ಮಿರ್ಚಿ ಕರಿದು ಮಗಳನ್ನು ಕಾಲೇಜಿಗೆ ಕಳಿಸಿದಳು.

ಹೋದ ಯುಗಾದಿ ಮರುದಿನ ಅಂಗಡಿ ಇರಲಿಲ್ಲ. ಅವಳನ್ನು ನನ್ನ ಆಟೋದಲ್ಲಿ ಮ್ಯಾಟ್ನಿಗೆ ಕರೆದುಕೊಂಡು ಹೋದೆ. ಫೈಟ್ ಸಿನಿಮಾ ಅಂದುಕೊಂಡಿದ್ದೆ. ನೋಡಿದರೆ ಮಂತ್ರಿ, ಪೊಲೀಸು, ಪೇಪರಿನವರು ಕೂಡಿ ಒಬ್ಬ ಗುಮಾಸ್ತನನ್ನು ಮುಗಿಸುವ ಕತೆ. ಅವನನ್ನು ಅದುಮಿ ಹಿಡಿದು, ಬಾಯಿಗೆ ಬಾಟಲಿ ಸುರಿದು, ರಸ್ತೆ ಮೇಲೆ ಮಲಗಿಸಿದರು. ಅತ್ತಿಗೆ ನನ್ನ ತೋಳು ಹಿಡಿದಳು. ಹಿಂದೆ ಯಾವನೋ ಸಿಳ್ಳೆ ಹಾಕಿದ. "ಲೇ, ಮುಚ್ಚಲೇ!" ಅಂತ ಎದ್ದೆ. ಎಳೆದು ಕೂರಿಸಿದಳು.

ಹೊರಗೆ ಬಂದಾಗ ನನ್ನ ತಲೆ ಕಾದಿತ್ತು. "ನಡಿ ಅತ್ತಿಗಿ, ಸಂಡೂರಿಗೆ ಹೋಗಾಮು. ಮಾಡ್ಸಿದಾವನ ಕಾಲರ್ ಹಿಡದು ಕೇಳ್ತೀನಿ."

"ಯಾರ ಕಾಲರ್ ಹಿಡೀತೀಯಪ್ಪ? ಆ ಕಾಟಾ ಇದ್ದಲ್ಲಿ ಈಗ ಜಾಲಿ ಬೆಳದೈತಿ."

"ಮತ್ತ ಸುಮ್ನ ಇರಾದಾ?"

"ಅದು ಸಿನಿಮಾ. ನಮ್ದೂ ಹಂಗ ಆಗಿತ್ತಾ, ನನಗೂ ಗೊತ್ತಿಲ್ಲ, ನಿನಗೂ ಗೊತ್ತಿಲ್ಲ. ಆದ್ರ ತಮ್ಮಾ, ಇಷ್ಟು ವರ್ಷ ಗೊತ್ತಿದ್ದಂಗ ಬೈದ್ನಲ್ಲೋ ನಿಮ್ಮಣ್ಣಾರನ್ನ."

ನನಗೆ ಬೈಯೋಕೆ ಯಾರೂ ಸಿಗಲಿಲ್ಲ. ಆಟೋ ಸ್ಟಾರ್ಟ್ ಆಗಲಿಲ್ಲ, ಅದಕ್ಕೇ ಬೈದೆ. ಕೊಂದವರು ಇದ್ದರೋ ಇಲ್ಲವೋ. ಇದ್ದಿದ್ದರೆ, ಹೆಂಡತಿಯೇ ಅವನನ್ನು ಕುಡುಕ ಅಂತ ಸಾರಿದ್ದು ಅವರಿಗೆಷ್ಟು ಆರಾಮಾಯ್ತು!

ಕೊನೆಗೆ ಹೊರಟರೆ ದಾರಿಯಲ್ಲಿ ರೈಲ್ವೆ ಗೇಟು ಬಿದ್ದಿತ್ತು. ಹಿಂದಿನ ಸೀಟಿನಿಂದ ಕೇಳಿದಳು: "ನಿಮ್ಮಣ್ಣಾರು ತೀರಿಕೊಂಡ ದಿನ ಮಧ್ಯಾಹ್ನ ನೀನು ಅವರ ಹತ್ರ ಹೋಗಿದ್ದಿಯಲ್ಲ. ಏನರ ಉಂಡಿದ್ರೇನು?"

ಈ ಮಾತು ಅವಳು ಯಾವತ್ತೂ ಕೇಳಿರಲಿಲ್ಲ.

"ಉಂಡ. ನನ್ನ ಡಬ್ಬ್ಯಾಗಿಂದೂ ಉಂಡ."

"ಉಣ್ತಾರ, ಉಣ್ತಾರ!" ಅಂತ ನಕ್ಕಳು. ಸೆರಗಿನಿಂದ ಕಣ್ಣೊತ್ತಿಕೊಂಡಳು. "ಪಲ್ಯ ಏನಿತ್ತು? ಏನು ಮಾತಾಡಿದ್ರು?"

ಗೂಡ್ಸ್ ಹೋಯಿತು, ಗೇಟು ಎದ್ದಿತು. ಹಿಂದಿನ ಲಾರಿಯವನು ಹಾರ್ನ್ ಒತ್ತಿದ. ನಾನು ಇಳಿದು ಜಗಳಕ್ಕೆ ಹೋಗಲಿಲ್ಲ. ಆಟೋ ಪಕ್ಕಕ್ಕೆ ಹಾಕಿ ಹೇಳುತ್ತಾ ಕುಂತೆ.