ಅರಮನೆ ಸಿಗದ ಊರು

ಇವತ್ತು ನಮ್ಮ ರಸ್ತೆಯಲ್ಲಿ ಗಟಾರದ ಮೇಲಿನ ಕಲ್ಲುಗಳನ್ನು ಎತ್ತಿ ಹೂಳು ತೆಗೆಯುತ್ತಿದ್ದರು. ಆ ಹಸಿ ಮಣ್ಣಿನ ವಾಸನೆಗೆ ಅಜ್ಜಿಯ ಮೊಹೆಂಜೊದಾರೊ ನೆನಪಾಯಿತು.

ಆ ಊರಿನ ಕಥೆಯನ್ನು ನಮಗೆ ಮೊದಲು ಹೇಳಿದವಳು ಅಜ್ಜಿಯೇ. ಅಪ್ಪ ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆಯ ಕೆಲಸಕ್ಕಿದ್ದ ಕಾಲ. ಅಕ್ಕ ಪರೀಕ್ಷೆಗೆಂದು ಗಟ್ಟಿಯಾಗಿ ಓದಿದ ಪಾಠವನ್ನು ಓದು ಬಾರದ ಅಜ್ಜಿ ಕಿವಿಯಲ್ಲೇ ಹಿಡಿದಿಟ್ಟುಕೊಂಡು, ಸಂಜೆ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತ ಹೇಳಿದಳು. ಒಂದು ಬದಿಗೆ ಅವ್ವ, ಇನ್ನೊಂದು ಬದಿಗೆ ಪಕ್ಕದ ಮನೆಯ ಗಂಗವ್ವ. ನಮ್ಮ ಬಚ್ಚಲ ನೀರು ಗಂಗವ್ವನ ಬಾಗಿಲಿಗೆ ಹರಿಯುತ್ತದೆಂದು ಜಗಳವಾಗಿ, ಇಬ್ಬರೂ ಮಾತು ಬಿಟ್ಟು ಒಂದು ಮಳೆಗಾಲವೇ ಕಳೆದಿತ್ತು. ಅಜ್ಜಿಯ ಕಥೆಗೆ ಮಾತ್ರ ಇಬ್ಬರೂ ತಪ್ಪುತ್ತಿರಲಿಲ್ಲ.

"ಸಿಂಧೂ ಹೊಳಿ ದಂಡಿ ಮ್ಯಾಲ ಒಂದೂರಿತ್ತು. ಎಲ್ಲಾ ಸುಟ್ಟ ಇಟ್ಟಂಗಿ ಮನಿ. ಮನಿಗೊಂದು ಬಚ್ಚಲ, ಬಚ್ಚಲದ ನೀರಿಗೆ ಮುಚ್ಚಿದ ಗಟಾರ."

"ಅರಮನಿ ಎಷ್ಟ್ ದೊಡ್ಡದಿತ್ರಿ, ಅತ್ತಿ?" ಅವ್ವ ಕೇಳಿದಳು.

"ಅಗದವರಿಗೆ ಅರಮನಿ ಸಿಕ್ಕಿಲ್ಲಂತ ನೋಡವಾ. ಗಟಾರ ಸಿಕ್ಕಾವು. ಮುಂದ ಯಾರರ ನಮ್ಮ ಓಣಿ ಅಗದರ ಏನ್ ಸಿಗತೈತಿ? ನಿಮ್ಮಿಬ್ಬರ ಸಿಟ್ಟು!"

ಗಂಗವ್ವ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ಅವ್ವ ಅಕ್ಕಿಯಲ್ಲಿ ಇಲ್ಲದ ಕಲ್ಲು ಹುಡುಕಿದಳು.

ಮರುದಿನ ಬೆಳಿಗ್ಗೆ ಅವ್ವ ಗುದ್ದಲಿ ಹಿಡಿದು ಎರಡು ಮನೆಗಳ ನಡುವೆ ಕಾಲುವೆ ತೋಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ಗಂಗವ್ವ, ಅದನ್ನು ಮುಚ್ಚಲೆಂದು ತಾನು ಬಟ್ಟೆ ಒಗೆಯುವ ಚಪ್ಪಟೆ ಕಲ್ಲನ್ನೇ ಎಳೆದುಕೊಂಡು ಬಂದಳು.

"ಒಂದ್ ಕಡೆ ಹಿಡಿ ಅಕ್ಕಾ, ಭಾಳ ವಜ್ಜೈತಿ," ಅಂದಳು.

ಅವ್ವ ಹಿಡಿದಳು.